ಬಾಲ್ ಪೈಥಾನ್ ಗೂಡಿಗೆ ಯಾವ ಹಾಸು ಸುರಕ್ಷಿತ? ಪೈನ್, ಆಸ್ಪೆನ್, ಕೊಕೊಪೀಟ್ ಬಗ್ಗೆ ಸಲಹೆ ಬೇಕಾಗಿದೆ

ಕೊಲಂಬಸ್ ಕನ್ನಡತಿ:

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ವಾಸವಾಗಿದ್ದೇವೆ. ಹೈಸ್ಕೂಲಿನಲ್ಲಿ ಓದುತ್ತಿರುವ ನಮ್ಮ ಮಗಳು ಹಾವುಗಳ ಬಗ್ಗೆ ಬಹಳ ಕಾಲ ಓದಿಕೊಂಡು, ಕೊನೆಗೆ ನಮ್ಮನ್ನೂ ಒಪ್ಪಿಸಿ, ಸಾಕಣೆಯಲ್ಲೇ ಹುಟ್ಟಿದ ಒಂದು ಬಾಲ್ ಪೈಥಾನ್ ಮರಿಯನ್ನು ಮನೆಗೆ ತಂದಿದ್ದಾಳೆ. ಮರಿ ಚೆನ್ನಾಗಿ ತಿನ್ನುತ್ತಿದೆ. ಆದರೆ ಈ ಸಲ ಪೊರೆ ಬಿಟ್ಟಾಗ ಅದು ಒಂದೇ ಕೊಳವೆಯಾಗಿ ಕಳಚದೆ ಚೂರು ಚೂರಾಗಿ ಬಂತು. ಬಾಲದ ತುದಿಯಲ್ಲಿ ಒಂದು ಉಂಗುರದಷ್ಟು ಪೊರೆ ಹಾಗೆಯೇ ಉಳಿದಿದೆ, ಎಡಗಣ್ಣಿನ ಮೇಲೂ ಮಸುಕು ಪದರ ಕಾಣುತ್ತಿದೆ.

ಗೂಡಿನ ಜೊತೆಗೆ ಅಂಗಡಿಯವರು ಒಂದು ಚೀಲ ಮರದ ಶೇವಿಂಗ್ಸ್ ಕೊಟ್ಟಿದ್ದರು. ಚೀಲದ ಮುಂಭಾಗದಲ್ಲಿ ಸಣ್ಣ ಸಾಕುಪ್ರಾಣಿಗಳಿಗೆ ಎಂದು ದೊಡ್ಡದಾಗಿ ಬರೆದಿದೆ. ಹಿಂಭಾಗದಲ್ಲಿ ಪೈನ್ ಮತ್ತು ಸೀಡರ್ ಬೆರೆಸಿದೆ ಎಂದು ಸಣ್ಣ ಅಕ್ಷರಗಳಲ್ಲಿದೆ. ಗೂಡಿನ ಮುಚ್ಚಳ ತೆಗೆದರೆ ಹೊಸ ಪೆನ್ಸಿಲ್ ಕೆತ್ತಿದಾಗ ಬರುವಂಥ ವಾಸನೆ ಮೂಗಿಗೆ ಬಡಿಯುತ್ತದೆ. ಪರಿಚಯದವರೊಬ್ಬರು ದಿನಪತ್ರಿಕೆ ಹಾಸಿದರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಆಸ್ಪೆನ್ ಮರದ ಶೇವಿಂಗ್ಸ್ ಎನ್ನುತ್ತಾರೆ, ಮಗಳು ಓದಿರುವ ಕಡೆಯಲ್ಲೆಲ್ಲ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ ಎಂದಿದೆ. ಗೂಡು ಗಾಜಿನದು, ಮೇಲೆ ಜಾಲರಿಯ ಮುಚ್ಚಳವಿದೆ, ತಳದ ಹೊರಗೆ ಹೀಟ್ ಮ್ಯಾಟ್ ಅಂಟಿಸಿದ್ದೇವೆ. ಯಾವ ಹಾಸನ್ನು, ಎಷ್ಟು ದಪ್ಪ ಹಾಕಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ.

ಆಸ್ಟಿನ್ ಉರಗಪ್ರೇಮಿ:

ನಮಸ್ಕಾರ ಮೇಡಂ. ಉಳಿದ ಮಾತಿಗೆ ಮೊದಲು ಒಂದು ಕೆಲಸ ಮಾಡಿ: ಆ ಶೇವಿಂಗ್ಸನ್ನು ಇವತ್ತೇ ಪೂರ್ತಿಯಾಗಿ ತೆಗೆದುಹಾಕಿ, ಗೂಡನ್ನು ಬಿಸಿನೀರಿನಲ್ಲಿ ಒರೆಸಿ ಒಣಗಿಸಿ, ಸದ್ಯಕ್ಕೆ ಬಣ್ಣವಿಲ್ಲದ ಪೇಪರ್ ಟವೆಲ್ ಹಾಸಿ. ನಿಮ್ಮ ಮೂಗಿಗೆ ಬಡಿಯುವ ಆ ವಾಸನೆಯೇ ತೊಂದರೆಯ ಮೂಲ. ಅಮೆರಿಕದ ಅಂಗಡಿಗಳಲ್ಲಿ ಸೀಡರ್ ಎಂದು ಮಾರುವುದು ಹೆಚ್ಚಾಗಿ ಪೂರ್ವದ ಕೆಂಪು ಸೀಡರ್, ಅಂದರೆ ಜೂನಿಪರ್ ಜಾತಿಯ ಮರ. ಪೆನ್ಸಿಲ್ ಮಾಡಲು ಹಿಂದೆ ಬಳಸುತ್ತಿದ್ದದ್ದು ಇದೇ ಮರವಾದ್ದರಿಂದ ನಿಮ್ಮ ಮೂಗು ಸರಿಯಾಗಿಯೇ ಗುರುತಿಸಿದೆ. ಅದರ ಎಣ್ಣೆಯಲ್ಲಿರುವ ಆವಿಯಾಗುವ ಅಂಶಗಳು ಬಟ್ಟೆಯ ಪೆಟ್ಟಿಗೆಯಲ್ಲಿ ಹುಳುಗಳನ್ನು ದೂರ ಇಡುತ್ತವೆ ಎಂಬ ಕಾರಣಕ್ಕೇ ಜನ ಆ ಮರವನ್ನು ಮೆಚ್ಚುತ್ತಾರೆ. ಹುಳುವನ್ನು ಓಡಿಸುವ ಆವಿಯನ್ನು ಮುಚ್ಚಿದ, ಬಿಸಿಯಾದ ಪೆಟ್ಟಿಗೆಯಲ್ಲಿ ಹಗಲೂ ರಾತ್ರಿ ಉಸಿರಾಡುವ ಪ್ರಾಣಿಯ ಮೇಲೆ ಅದರ ಪರಿಣಾಮ ಆಗದೆ ಇರುವುದಿಲ್ಲ.

ಇದು ಕೇವಲ ಸಾಕುವವರ ಅನುಮಾನವಲ್ಲ. ಪ್ರಯೋಗಾಲಯದ ಇಲಿಗಳನ್ನು ಸೀಡರ್ ಮತ್ತು ಪೈನ್ ಹಾಸಿನ ಮೇಲೆ ಇಟ್ಟಾಗ ಅವುಗಳ ಯಕೃತ್ತಿನಲ್ಲಿ ಔಷಧಗಳನ್ನು ಒಡೆಯುವ ಕಿಣ್ವಗಳು ಹೆಚ್ಚುತ್ತವೆ ಎಂಬುದನ್ನು 1967ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಲಾಗಿತ್ತು. ಬರೇ ಹಾಸಿನಿಂದಲೇ ಯಕೃತ್ತು ಹೆಚ್ಚು ದುಡಿಯಬೇಕಾಗಿ ಬರುತ್ತದೆ ಎಂದರೆ ಆ ಹಾಸಿನಲ್ಲಿ ದೇಹಕ್ಕೆ ಸೇರುವಂಥದ್ದು ಏನೋ ಇದೆ ಎಂದೇ ಅರ್ಥ. ಹಾವುಗಳ ಮೇಲೆ ಅಷ್ಟು ವಿವರವಾದ ಪರೀಕ್ಷೆಗಳು ನಡೆದದ್ದನ್ನು ನಾನು ಓದಿಲ್ಲವಾದರೂ ಸೀಡರ್ ಬೇಡ ಎಂಬ ವಿಷಯದಲ್ಲಿ ಅನುಭವಸ್ಥರಲ್ಲಿ ಎರಡು ಮಾತಿಲ್ಲ. ಪೈನ್ ವಿಷಯ ಸ್ವಲ್ಪ ಬೇರೆ. ಗೂಡೊಲೆಯಲ್ಲಿ ಬಿಸಿಮಾಡಿ ಒಣಗಿಸಿದ ಪೈನ್‌ನಲ್ಲಿ ಆವಿಯಾಗುವ ಎಣ್ಣೆ ಬಹುಮಟ್ಟಿಗೆ ಹೋಗಿರುತ್ತದೆ, ಕೆಲವರು ಬಳಸುತ್ತಾರೆ. ಆದರೆ ಚೀಲದೊಳಗಿನದನ್ನು ಎಷ್ಟು ಒಣಗಿಸಿದ್ದಾರೆಂದು ಹೊರಗಿನಿಂದ ತಿಳಿಯುವುದಿಲ್ಲ, ಮತ್ತು ಅದಕ್ಕಿಂತ ಒಳ್ಳೆಯವು ಅದೇ ಬೆಲೆಗೆ ಸಿಗುವಾಗ ಆ ಅನುಮಾನವನ್ನು ಮನೆಗೆ ತರುವ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಆಸ್ಪೆನ್. ಅದರಲ್ಲಿ ಅಂಟು, ಎಣ್ಣೆ ಇಲ್ಲವೆನ್ನುವಷ್ಟು ಕಡಿಮೆ, ಹಾವು ಕೊರೆದ ಸುರಂಗ ಕುಸಿಯದೆ ನಿಲ್ಲುತ್ತದೆ, ಹಗುರ, ಅಗ್ಗ. ಅಮೆರಿಕದ ಆಗ್ನೇಯ ರಾಜ್ಯಗಳಿಗೆ ಸೇರಿದ ಕಾರ್ನ್ ಸ್ನೇಕ್‌ಗೆ, ಕಿಂಗ್ ಸ್ನೇಕ್‌ಗೆ, ಹಾಗ್‌ನೋಸ್‌ಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ನಿಮ್ಮ ಬಾಲ್ ಪೈಥಾನ್‌ಗೆ ಹೇಳುವುದಿಲ್ಲ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಈ ಹಾವು ಹಗಲನ್ನು ಇಲಿಗಳ ಬಿಲಗಳಲ್ಲಿ ಮತ್ತು ಹುತ್ತಗಳಲ್ಲಿ ಕಳೆಯುತ್ತದೆ. ಹೊರಗಿನ ಹುಲ್ಲುಗಾವಲು ಎಷ್ಟೇ ಒಣಗಿದ್ದರೂ ಹುತ್ತದ ಒಳಗಿನ ಗಾಳಿ ತೇವವಾಗಿಯೇ ಇರುತ್ತದೆ. ಆದ್ದರಿಂದ ಗೂಡಿನೊಳಗೆ ಶೇಕಡಾ 60ರಿಂದ 80ರಷ್ಟು ತೇವಾಂಶ ಇರಬೇಕು. ಅಷ್ಟು ತೇವದಲ್ಲಿ ಆಸ್ಪೆನ್‌ಗೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಾರದಿರಲೆಂದು ಒಣಗಿಸಿಟ್ಟರೆ ಪೊರೆ ಚೂರಾಗುತ್ತದೆ. ನಿಮಗೆ ಆಗಿರುವುದೂ ಅದೇ ಎಂದು ತೋರುತ್ತದೆ: ಓಹಾಯೋದ ಚಳಿಗಾಲದಲ್ಲಿ ಹೀಟರ್ ಓಡುವಾಗ ಮನೆಯೊಳಗಿನ ತೇವಾಂಶ ಶೇಕಡಾ 30ಕ್ಕಿಂತ ಕೆಳಗಿಳಿಯುವುದು ಸಾಮಾನ್ಯ, ಜಾಲರಿಯ ಮುಚ್ಚಳದಿಂದ ಇದ್ದಬದ್ದ ತೇವವೂ ಹೊರಟುಹೋಗುತ್ತದೆ.

ನಿಮ್ಮ ಹಾವಿಗೆ ನಾನು ಹೇಳುವುದು ಕೊಕೊಪೀಟ್ ಮತ್ತು ತೆಂಗಿನಕಾಯಿ ಸಿಪ್ಪೆಯ ಚೂರು ಬೆರೆಸಿದ ಹಾಸು, ಅಥವಾ ಸೈಪ್ರೆಸ್ ಮಲ್ಚ್, ಅಂದರೆ ಸೈಪ್ರೆಸ್ ಮರದ ಚೂರು. ಎರಡೂ ನೀರು ಹಿಡಿದಿಡುತ್ತವೆ. ಸೈಪ್ರೆಸ್ ಕೊಳ್ಳುವಾಗ ಅದು ಶುದ್ಧ ಸೈಪ್ರೆಸ್ ಹೌದೇ ಎಂದು ನೋಡಿ, ತೋಟದ ಅಂಗಡಿಗಳಲ್ಲಿ ಬೇರೆ ಮರ ಬೆರೆಸಿದ, ಬಣ್ಣ ಹಾಕಿದ ಮಲ್ಚ್ ಕೂಡ ಇರುತ್ತದೆ. ದಪ್ಪ 8ರಿಂದ 10 ಸೆಂಟಿಮೀಟರ್ ಇರಲಿ. ಇಷ್ಟು ದಪ್ಪ ಹಾಕಿದರೆ ನಿಮ್ಮ ಹೀಟ್ ಮ್ಯಾಟ್ ವಿಷಯ ಬೇರೆಯಾಗಿ ಯೋಚಿಸಬೇಕಾಗುತ್ತದೆ, ಅದನ್ನು ಮುಂದೆ ಬರೆಯುತ್ತೇನೆ.

ಲೀಡ್ಸ್ ಪಶುವೈದ್ಯೆ:

ಮೇಲಿನವರು ಹೇಳಿದ್ದನ್ನು ಬಹುತೇಕ ಒಪ್ಪುತ್ತೇನೆ. ವೈದ್ಯಕೀಯ ದೃಷ್ಟಿಯಿಂದ ಕೆಲವು ಮಾತು ಸೇರಿಸುತ್ತೇನೆ.

ಮೊದಲು ಉಳಿದಿರುವ ಪೊರೆ. ಹಾವಿಗೆ ರೆಪ್ಪೆಗಳಿಲ್ಲ. ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆ ಇರುತ್ತದೆ, ಪೊರೆಯ ಜೊತೆಗೆ ಅದೂ ಕಳಚಬೇಕು. ಮಸುಕಾಗಿ ಕಾಣುವುದು ಹಳೆಯ ಪದರ ಉಳಿದದ್ದೂ ಆಗಿರಬಹುದು, ಬೇರೆಯೂ ಆಗಿರಬಹುದು. ಚಿಮಟ, ಉಗುರು, ಅಂಟುಪಟ್ಟಿ ಯಾವುದರಿಂದಲೂ ಅದನ್ನು ಎಳೆಯಬೇಡಿ, ಒಳಗಿನ ಹೊಸ ಹುರುಪೆ ಕಿತ್ತುಬಂದರೆ ಕಣ್ಣೇ ಹೋಗುತ್ತದೆ. ಬಾಲದ ತುದಿಯ ಉಂಗುರವನ್ನು ಮಾತ್ರ ಅಸಡ್ಡೆ ಮಾಡಬೇಡಿ, ಅದು ಬಿಗಿದು ರಕ್ತಸಂಚಾರ ನಿಲ್ಲಿಸಬಲ್ಲದು. ಒದ್ದೆ ಮಾಡಿ ಹಿಂಡಿದ ಸ್ಫ್ಯಾಗ್ನಮ್ ಪಾಚಿಯನ್ನು ಒಂದು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಪಕ್ಕದಲ್ಲಿ ಹಾವು ನುಸುಳುವಷ್ಟು ತೂತು ಮಾಡಿ, ಗೂಡಿನ ಬೆಚ್ಚಗಿನ ಭಾಗದಲ್ಲಿ ಇಡಿ. ಹಾವು ತಾನೇ ಒಳಹೊಕ್ಕು ಮಲಗುತ್ತದೆ, ಪೊರೆ ಮೆತ್ತಗಾದ ಮೇಲೆ ಒದ್ದೆ ಬಟ್ಟೆಯ ನಡುವೆ ಬಾಲವನ್ನು ಮೃದುವಾಗಿ ಜಾರಿಸಿದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಪಾಚಿಯನ್ನು ಕೈಗವಸು ಹಾಕಿಕೊಂಡು ಮುಟ್ಟಿ. ಅದರಲ್ಲಿ ಇರಬಹುದಾದ ಒಂದು ಶಿಲೀಂಧ್ರ ಕೈಯ ಗಾಯದ ಮೂಲಕ ಮನುಷ್ಯರಿಗೆ ಸೋಂಕು ತರುತ್ತದೆ.

ಎರಡನೆಯದು, ತೇವ ಬೇಕು ಎಂದ ಕೂಡಲೇ ಜನ ಹಾಸನ್ನು ಕೆಸರು ಮಾಡಿಬಿಡುತ್ತಾರೆ. ಗಾಳಿಯಲ್ಲಿ ತೇವ ಇರುವುದು ಬೇರೆ, ಹೊಟ್ಟೆಯ ಕೆಳಗೆ ನೀರು ನಿಲ್ಲುವುದು ಬೇರೆ. ಒದ್ದೆಯಾದ, ಕೊಳಕಾದ ಹಾಸಿನ ಮೇಲೆ ಹಾವು ಬಿಡದೆ ಮಲಗಿದರೆ ಹೊಟ್ಟೆಯ ಹುರುಪೆಗಳು ಕೊಳೆಯಲು ತೊಡಗುತ್ತವೆ. ಸ್ಕೇಲ್ ರಾಟ್ ಎಂದು ಸಾಕುವವರು ಕರೆಯುವುದು ಇದನ್ನೇ. ವಾರಕ್ಕೊಮ್ಮೆ ಹಾವನ್ನು ಎತ್ತಿದಾಗ ಹೊಟ್ಟೆಯ ಭಾಗವನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಆರೋಗ್ಯವಾದ ಬಾಲ್ ಪೈಥಾನ್ ಹೊಟ್ಟೆ ದಂತದ ಬಣ್ಣದಲ್ಲಿ, ನುಣುಪಾಗಿ, ಒಂದೊಂದು ಹುರುಪೆಯ ಅಂಚೂ ಚೊಕ್ಕಟವಾಗಿ ಕೂತಂತೆ ಇರುತ್ತದೆ. ಅಂಚುಗಳಲ್ಲಿ ಕಂದುಬಣ್ಣ, ನಸುಗೆಂಪು, ಸಣ್ಣ ನೀರುಗುಳ್ಳೆ, ಮೇಲೆದ್ದ ಹುರುಪೆ ಕಂಡರೆ ಕೂಡಲೇ ಪೇಪರ್ ಟವೆಲ್‌ಗೆ ಬದಲಾಯಿಸಿ ವೈದ್ಯರ ಬಳಿ ಒಯ್ಯಿರಿ. ಈ ಹಂತದಲ್ಲಿ ಹಿಡಿದರೆ ಗುಣವಾಗುತ್ತದೆ, ಬಿಟ್ಟರೆ ಸೋಂಕು ರಕ್ತಕ್ಕೆ ಸೇರುತ್ತದೆ.

ಮೂರನೆಯದು ಧೂಳು. ಹಾವುಗಳಿಗೆ ನಮ್ಮಂತೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಆದ್ದರಿಂದ ಶ್ವಾಸನಾಳಕ್ಕೆ ಹೋದದ್ದನ್ನು ಕೆಮ್ಮಿ ಹೊರಹಾಕುವ ಶಕ್ತಿ ಅವಕ್ಕಿಲ್ಲ. ಪೂರ್ತಿ ಒಣಗಿದ ಕೊಕೊಪೀಟ್ ಕೂಡ ಧೂಳೇಳುತ್ತದೆ ಎಂಬುದನ್ನು ಮರೆಯಬೇಡಿ. ಕ್ಯಾಲ್ಸಿಯಂ ಮರಳು, ಪುಡಿಮಾಡಿದ ವಾಲ್‌ನಟ್ ಚಿಪ್ಪು, ಜೋಳದ ದಿಂಡಿನ ಪುಡಿ, ಇವುಗಳನ್ನು ಅಂಗಡಿಯಲ್ಲಿ ಹಾವಿನ ಚಿತ್ರ ಹಾಕಿ ಮಾರಿದರೂ ಕೊಳ್ಳಬೇಡಿ. ಇಲಿಯ ಜೊತೆ ಹೊಟ್ಟೆಗೆ ಹೋದರೆ ಕರುಳಿನಲ್ಲಿ ಗಟ್ಟಿಕಟ್ಟುತ್ತವೆ, ಚಿಪ್ಪಿನ ಚೂರಿನ ಅಂಚಂತೂ ಹರಿತವಾಗಿರುತ್ತದೆ.

ಜಯನಗರದ ಓದುಗ:

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿರುವುದೂ ಬಾಲ್ ಪೈಥಾನ್, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಿದ್ದೇವೆ. ನಾನು ಸ್ವಲ್ಪ ಬೇರೆ ಅಭಿಪ್ರಾಯ ಹೇಳಬೇಕೆಂದಿದ್ದೇನೆ. ದಿನಪತ್ರಿಕೆಯೋ ಪೇಪರ್ ಟವೆಲೋ ಹಾಸಿ, ಒಂದು ತೇವದ ಡಬ್ಬಿ ಇಟ್ಟು, ನೀರಿನ ದೊಡ್ಡ ಬಟ್ಟಲು ಇಟ್ಟರೆ ಸಾಲದೇ? ಮಲ ಕೂಡಲೇ ಕಾಣುತ್ತದೆ, ತೆಗೆದುಹಾಕುವುದು ಸುಲಭ, ನುಸಿ ಬಂದರೆ ಬಿಳಿ ಕಾಗದದ ಮೇಲೆ ಕಪ್ಪು ಚುಕ್ಕೆಗಳಾಗಿ ಓಡಾಡುವುದು ಕಾಣುತ್ತದೆ, ಹಾವು ನುಂಗುವಂಥದ್ದು ಏನೂ ಇರುವುದಿಲ್ಲ. ದೊಡ್ಡ ಪ್ರಮಾಣದಲ್ಲಿ ಸಾಕುವವರಲ್ಲಿ ಅನೇಕರು ಕಾಗದವನ್ನೇ ಬಳಸುತ್ತಾರೆ. ಮೊದಲ ಸಲ ಸಾಕುವವರಿಗೆ ಮಣ್ಣು, ನಾರು, ಪಾಚಿ ಎಂದೆಲ್ಲ ಹೇಳಿದರೆ ತೇವ ಹೆಚ್ಚು ಮಾಡುವ ಅಪಾಯವೇ ಹೆಚ್ಚು ಎಂದು ನನಗನ್ನಿಸುತ್ತದೆ.

ಲೀಡ್ಸ್ ಪಶುವೈದ್ಯೆ:

ನಿಮ್ಮ ಮಾತಿನಲ್ಲಿ ಹುರುಳಿದೆ. ಹೊಸದಾಗಿ ತಂದ ಹಾವಿಗೆ ಮೊದಲ ಒಂದೆರಡು ತಿಂಗಳು, ಕಾಯಿಲೆ ಬಿದ್ದ ಹಾವಿಗೆ, ಶಸ್ತ್ರಚಿಕಿತ್ಸೆಯ ನಂತರ, ನಾನೂ ಕಾಗದವನ್ನೇ ಹೇಳುತ್ತೇನೆ. ನುಸಿಯ ವಿಷಯದಲ್ಲಂತೂ ಕಾಗದಕ್ಕೆ ಸಮನಾದದ್ದು ಇಲ್ಲ. ಹಾವಿನ ನುಸಿ ಒಂದು ಮಿಲಿಮೀಟರಿನ ಆಸುಪಾಸಿನ ಗಾತ್ರದ್ದು; ಕಣ್ಣಿನ ಸುತ್ತ, ಗದ್ದದ ಕೆಳಗಿನ ಗೆರೆಯಲ್ಲಿ, ತುಟಿಯ ಮೇಲಿನ ಶಾಖಗ್ರಾಹಿ ಕುಳಿಗಳಲ್ಲಿ ಅಡಗಿರುತ್ತದೆ, ನೀರಿನ ಬಟ್ಟಲಿನ ತಳದಲ್ಲಿ ಮುಳುಗಿ ಸತ್ತ ಕಪ್ಪು ಕಣಗಳಾಗಿ ಮೊದಲು ಕಾಣಿಸಿಕೊಳ್ಳುತ್ತದೆ. ದಪ್ಪ ಹಾಸಿನೊಳಗೆ ಅದು ಮೊಟ್ಟೆಯಿಟ್ಟರೆ ಕಾಣುವುದೇ ಇಲ್ಲ.

ಆದರೆ ಆರೋಗ್ಯವಾಗಿರುವ ಹಾವಿನ ಶಾಶ್ವತ ವಾಸಕ್ಕೆ ಕಾಗದ ಸಾಕೇ ಎಂದರೆ ಸಾಲದು ಎನ್ನುತ್ತೇನೆ. ಅದು ತೇವವನ್ನು ಹಿಡಿದಿಡುವುದಿಲ್ಲ: ಚಿಮುಕಿಸಿದ ನೀರು ಸ್ವಲ್ಪ ಹೊತ್ತಿನಲ್ಲೇ ಆವಿಯಾಗುತ್ತದೆ, ಇಲ್ಲವೇ ಕಾಗದದ ಕೆಳಗೆ ನಿಂತು ಅದೇ ಸ್ಕೇಲ್ ರಾಟ್‌ಗೆ ದಾರಿ ಮಾಡುತ್ತದೆ. ಕಿಟಕಿಗಳೇ ಇಲ್ಲದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ತೇವವನ್ನು ಬೇರೆ ರೀತಿ ಹಿಡಿದಿಡುವ ವ್ಯವಸ್ಥೆ ಇರುವವರಿಗೆ ಕಾಗದ ನಡೆದೀತು. ಓಹಾಯೋದ ಚಳಿಗಾಲದಲ್ಲಿ ಜಾಲರಿ ಮುಚ್ಚಳದ ಗಾಜಿನ ಗೂಡಿನಲ್ಲಿ ನಡೆಯುವುದಿಲ್ಲ. ಅಲ್ಲದೆ ಬಿಲದಲ್ಲಿ ಬದುಕುವ ಹಾವಿಗೆ ಮೈಯನ್ನು ಒತ್ತಿಕೊಂಡು ಹುದುಗುವ ಅವಕಾಶ ಇರಬೇಕೆಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ. ಮೂತಿಯಿಂದ ಹಾಸನ್ನು ತಳ್ಳಿ, ತಳ್ಳಿದ್ದನ್ನು ಕುತ್ತಿಗೆಯ ಬಾಗಿನಿಂದ ಪಕ್ಕಕ್ಕೆ ಸರಿಸಿ, ತನ್ನ ಮೈಯಳತೆಯ ಗುಳಿ ಮಾಡಿಕೊಂಡು ಸುತ್ತಿ ಮಲಗುವ ಬಾಲ್ ಪೈಥಾನನ್ನು ನೋಡಿದವರಿಗೆ ಅದು ಅನಗತ್ಯ ಎಂದು ಅನ್ನಿಸುವುದಿಲ್ಲ.

ಕಲ್ಪತರು ನಾಡಿನವ:

ಹಾವು ಸಾಕುವ ಬಗ್ಗೆ ನನಗೆ ತಿಳಿಯದು, ಆದರೆ ಕೊಕೊಪೀಟ್ ಎಂದ ಮೇಲೆ ಬರೆಯದೆ ಇರಲಾಗಲಿಲ್ಲ. ತಿಪಟೂರಿನ ಕಡೆಯವನು, ನಮ್ಮ ಕುಟುಂಬದವರು ನಾರಿನ ಘಟಕ ನಡೆಸುತ್ತಾರೆ. ನೀವು ಅಲ್ಲಿ ಕೊಳ್ಳುವ ಇಟ್ಟಿಗೆಗಳಲ್ಲಿ ಬಹುಪಾಲು ದಕ್ಷಿಣ ಭಾರತ ಮತ್ತು ಶ್ರೀಲಂಕಾದಿಂದಲೇ ಹೋಗುತ್ತವೆ.

ತೆಂಗಿನಕಾಯಿ ಸಿಪ್ಪೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿಯೇ ಕೊಕೊಪೀಟ್. ಸಿಪ್ಪೆಯಲ್ಲಿ ಸಹಜವಾಗಿಯೇ ಪೊಟ್ಯಾಸಿಯಂ ಮತ್ತು ಸೋಡಿಯಂ ಲವಣಗಳು ಇರುತ್ತವೆ. ಕರಾವಳಿಯಲ್ಲಿ ಉಪ್ಪುಮಿಶ್ರಿತ ಹಿನ್ನೀರಿನಲ್ಲಿ ಸಿಪ್ಪೆ ನೆನೆಹಾಕಿದರೆ ಉಪ್ಪು ಇನ್ನೂ ಹೆಚ್ಚು. ಒಳ್ಳೆಯ ಘಟಕಗಳಲ್ಲಿ ಸಿಹಿನೀರಿನಿಂದ ತೊಳೆದು, ಲವಣದ ಪ್ರಮಾಣ ಅಳೆದು ಕಳಿಸುತ್ತಾರೆ. ಇಟ್ಟಿಗೆಯ ಮೇಲೆ ತೊಳೆದದ್ದು ಅಥವಾ ಲೋ ಇಸಿ (ಲವಣ ಕಡಿಮೆ) ಎಂದು ಬರೆದಿರುತ್ತದೆ. ತೋಟಗಾರಿಕೆಗೆಂದು ಹೋಗುವ ಕೆಲವು ಮಾಲನ್ನು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ಹಾಯಿಸುತ್ತಾರೆ, ಕೆಲವಕ್ಕೆ ಗೊಬ್ಬರವನ್ನೇ ಬೆರೆಸಿರುತ್ತಾರೆ. ಗಿಡಕ್ಕೆ ಅದು ಒಳ್ಳೆಯದೇ, ಆದರೆ ಪ್ರಾಣಿಯ ಮೈಗೆ ತಾಗುವ ಜಾಗಕ್ಕೆ ಹಾಗೆ ಬೆರೆಸಿದ್ದನ್ನು ಹಾಕಬಾರದು ಎಂಬುದು ನನಗೂ ತಿಳಿಯುತ್ತದೆ. ಆದ್ದರಿಂದ ಚೀಲದ ಮೇಲೆ ನೂರು ಶೇಕಡಾ ನಾರಿನ ಪುಡಿ, ಬೇರೇನೂ ಸೇರಿಲ್ಲ ಎಂದು ಇರುವುದನ್ನೇ ಕೊಳ್ಳಿ, ಅನುಮಾನವಿದ್ದರೆ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಆ ಕಂದು ನೀರು ಚೆಲ್ಲಿ, ಮತ್ತೊಮ್ಮೆ ಹೊಸ ನೀರಿನಲ್ಲಿ ನೆನೆಸಿ.

650 ಗ್ರಾಂ ಇಟ್ಟಿಗೆ ನೀರು ಕುಡಿದು ಎಂಟೊಂಬತ್ತು ಲೀಟರಿನಷ್ಟು ಉಬ್ಬುತ್ತದೆ, 5 ಕಿಲೋ ಬ್ಲಾಕ್ ಸುಮಾರು 70 ಲೀಟರಿನಷ್ಟು. ಜನ ಒಮ್ಮೆಗೇ ಬಕೆಟ್ ನೀರು ಸುರಿದು ಕೆಸರು ಮಾಡಿಕೊಳ್ಳುತ್ತಾರೆ. ಸ್ವಲ್ಪ ಸ್ವಲ್ಪವೇ ಬಿಸಿನೀರು ಹಾಕುತ್ತಾ ಕೈಯಿಂದ ಬಿಡಿಸುತ್ತಾ ಹೋಗಿ. ಹದ ನೋಡುವುದಕ್ಕೆ ಒಂದು ಹಿಡಿ ತೆಗೆದುಕೊಂಡು ಗಟ್ಟಿಯಾಗಿ ಅಮುಕಿ: ತಂಬಿಟ್ಟಿನ ಉಂಡೆಯಂತೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ನೀರು ಇಳಿದರೆ ಹಳೆಯ ಬೆಡ್‌ಶೀಟಿನ ಮೇಲೆ ಹರವಿ ಒಂದು ದಿನ ಬಿಡಿ.

ಕೊಲಂಬಸ್ ಕನ್ನಡತಿ:

ಎಲ್ಲರಿಗೂ ಬಹಳ ಧನ್ಯವಾದಗಳು. ಸೀಡರ್ ಹಾಸನ್ನು ನಿನ್ನೆ ರಾತ್ರಿಯೇ ತೆಗೆದುಹಾಕಿ ಪೇಪರ್ ಟವೆಲ್ ಹಾಸಿದ್ದೇವೆ, ಪಾಚಿಯ ಡಬ್ಬಿಯೂ ಸಿದ್ಧವಾಗಿದೆ, ಹಾವು ಅದರೊಳಗೇ ಮಲಗಿದೆ. ತಿಪಟೂರಿನ ಸರ್ ಹೇಳಿದ ಹಾಗೆ ನೋಡಿ, ಏನೂ ಬೆರೆಸದ ಇಟ್ಟಿಗೆಗಳನ್ನು ತಂದಿದ್ದೇವೆ.

ಎರಡು ಸಂದೇಹಗಳಿವೆ. ತೇವದ ಹಾಸಿನಲ್ಲಿ ಹುಳು ಆಗುತ್ತದೆ ಎಂದು ಓದಿದ್ದೇನೆ. ಶಿವಮೊಗ್ಗದಿಂದ ನಮ್ಮ ಅತ್ತೆಯವರು ಫೋನಿನಲ್ಲಿ, ಹಾಸಿನ ಕೆಳಗೆ ಎರಡು ನುಸಿಗುಳಿಗೆ ಇಡಿ, ಇಲ್ಲದಿದ್ದರೆ ಬೇವಿನ ಸೊಪ್ಪಾದರೂ ಹಾಕಿ ಎಂದು ಕಾಳಜಿಯಿಂದ ಹೇಳಿದರು. ಹಾಗೆ ಮಾಡಬಹುದೇ? ಮತ್ತು ಗೂಡು ತೊಳೆಯಲು ಏನು ಬಳಸಬೇಕು?

ಲೀಡ್ಸ್ ಪಶುವೈದ್ಯೆ:

ನುಸಿಗುಳಿಗೆಯನ್ನು ಗೂಡಿನ ಹತ್ತಿರವೂ ಇಡಬೇಡಿ. ಅದು ನ್ಯಾಫ್ತಲೀನ್, ಇಲ್ಲವೇ ಅದೇ ರೀತಿಯ ಇನ್ನೊಂದು ರಾಸಾಯನಿಕ. ಕೋಣೆಯ ಉಷ್ಣತೆಯಲ್ಲೇ ಆವಿಯಾಗುತ್ತದೆ, ಬಿಸಿ ಗೂಡಿನಲ್ಲಿ ಇನ್ನೂ ವೇಗವಾಗಿ ಆವಿಯಾಗುತ್ತದೆ, ಮತ್ತು ಆ ಆವಿ ಕೆಂಪು ರಕ್ತಕಣಗಳನ್ನೂ ಯಕೃತ್ತನ್ನೂ ಹಾಳುಮಾಡಬಲ್ಲದು. ಸೀಡರ್ ತೆಗೆದು ಇದನ್ನು ಇಟ್ಟರೆ ಮೊದಲಿಗಿಂತ ಕೆಟ್ಟದಾಗುತ್ತದೆ. ಕರ್ಪೂರಕ್ಕೂ ಇದೇ ಮಾತು. ಬೇವಿನ ಸೊಪ್ಪಿನಿಂದ ಹಾವಿನ ನುಸಿ ಹೋಗುತ್ತದೆ ಎನ್ನುವುದಕ್ಕೆ ಆಧಾರ ಕಂಡಿಲ್ಲ. ಹಸಿ ಸೊಪ್ಪು ತೇವದಲ್ಲಿ ಕೊಳೆತು ಬೂಷ್ಟಿಗೆ ಆಹಾರವಾಗುವುದಂತೂ ನಿಶ್ಚಿತ. ಹಾವು ನಾಲಗೆಯಿಂದ ಗಾಳಿಯ ಕಣಗಳನ್ನು ಒಳಗೆ ಒಯ್ದು ಅಂಗುಳಿನ ಅಂಗದಿಂದ ಅರಿಯುವ ಪ್ರಾಣಿ, ಆದ್ದರಿಂದ ಗಾಢ ವಾಸನೆ ಯಾವುದೇ ಆಗಲಿ ಅದರ ಗೂಡಿನಲ್ಲಿ ಇರಬಾರದು ಎಂಬುದೇ ನನ್ನ ನಿಲುವು.

ತೇವದ ಕೊಕೊಪೀಟಿನಲ್ಲಿ ಬಿಳಿಯಾಗಿ, ಎಳ್ಳಿಗಿಂತ ಚಿಕ್ಕದಾಗಿ, ಮುಟ್ಟಿದರೆ ಚಿಮ್ಮುವ ಜೀವಿಗಳು ಕಂಡರೆ ಗಾಬರಿಯಾಗಬೇಡಿ. ಅವು ಸ್ಪ್ರಿಂಗ್‌ಟೇಲ್‌ಗಳು, ಬೂಷ್ಟನ್ನೇ ತಿಂದು ಬದುಕುತ್ತವೆ, ಹಾವಿಗೆ ಏನೂ ಮಾಡುವುದಿಲ್ಲ. ಕೆಲವರು ಅವನ್ನು ಬೇಕೆಂದೇ ತಂದು ಬಿಡುತ್ತಾರೆ. ಕಪ್ಪಾಗಿ, ಚಿಮ್ಮದೆ ನಡೆದಾಡುತ್ತಾ, ಹಾವಿನ ಮೈಮೇಲೆ ಕಂಡರೆ ಮಾತ್ರ ಅದು ನುಸಿ. ಆಗ ಹಾಸನ್ನು ಪೂರ್ತಿ ಚೀಲಕ್ಕೆ ಕಟ್ಟಿ ಮನೆಯ ಹೊರಗೆ ಹಾಕಿ, ಕಾಗದಕ್ಕೆ ಮರಳಿ, ವೈದ್ಯರು ಹೇಳಿದ ಔಷಧ ಬಳಸಿ.

ತೊಳೆಯುವುದಕ್ಕೆ ಫಿನಾಯಿಲ್, ಡೆಟಾಲ್, ಪೈನ್ ಎಣ್ಣೆಯ ನೆಲ ಒರೆಸುವ ದ್ರವ ಇವ್ಯಾವುದೂ ಬೇಡ. ಮೊದಲು ಸಾಬೂನು ನೀರಿನಿಂದ ಕೊಳೆ ತೆಗೆದು, ಸರಿಯಾಗಿ ತೆಳುಮಾಡಿದ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನೋ, ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿದ್ದನ್ನೋ ಹಚ್ಚಿ, ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ಒಣಗಿಸಿ. ಎರಡನ್ನೂ ಒಟ್ಟಿಗೆ ಬೆರೆಸಬಾರದು. ಕೆಲಸ ಮುಗಿದ ಮೇಲೆ ಎಲ್ಲರೂ ಸಾಬೂನಿನಿಂದ ಕೈ ತೊಳೆಯಬೇಕು, ಅಡುಗೆಮನೆಯ ಸಿಂಕಿನಲ್ಲಿ ಗೂಡಿನ ಸಾಮಾನು ತೊಳೆಯಬಾರದು, ಏಕೆಂದರೆ ಆರೋಗ್ಯವಾಗಿರುವ ಹಾವಿನ ಮಲದಲ್ಲೂ ಸಾಲ್ಮೊನೆಲ್ಲಾ ಇರಬಹುದು. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಅವರು ಹಾವನ್ನಾಗಲಿ ಹಾಸನ್ನಾಗಲಿ ಮುಟ್ಟದಂತೆ ನೋಡಿಕೊಳ್ಳಿ.

ಮಲೆನಾಡಿನ ಹುಡುಗ:

ಇದೇ ಸಂದರ್ಭದಲ್ಲಿ ಒಂದು ಪ್ರಶ್ನೆ. ನಮ್ಮ ಅಡಿಕೆ ತೋಟದಲ್ಲಿ ಒಂದು ಕೇರೆ ಹಾವಿನ ಮರಿ ಸಿಕ್ಕಿದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಟ್ಟಿದ್ದೇನೆ. ಅದಕ್ಕೆ ಭತ್ತದ ಹೊಟ್ಟು ಹಾಕಬಹುದೇ, ಅಥವಾ ಸಾಮಿಲ್‌ನಿಂದ ಮರದ ಹೊಟ್ಟು ತಂದರೆ ಆಗುತ್ತದೆಯೇ?

ಜಯನಗರದ ಓದುಗ:

ತಮ್ಮಾ, ಆ ಮರಿಗೆ ಯಾವ ಹಾಸೂ ಬೇಡ. ನಮ್ಮ ನೆಲದ ಹಾವುಗಳನ್ನು ಹಿಡಿದು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಗಾಯವಿಲ್ಲದಿದ್ದರೆ ಸಿಕ್ಕಿದ ಜಾಗದಲ್ಲೇ ಇವತ್ತೇ ಬಿಡು, ಗಾಯವಿದ್ದರೆ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸು. ತೋಟದ ಇಲಿಗಳನ್ನು ತಿನ್ನುವ ಹಾವು ತೋಟದಲ್ಲೇ ಇರಲಿ. ಬಾಲ್ ಪೈಥಾನ್‌ನಂಥ ವಿದೇಶಿ ಹಾವುಗಳ ವಿಷಯ ಬೇರೆ. 2022ರ ತಿದ್ದುಪಡಿಯ ನಂತರ, 2024ರಲ್ಲಿ ಬಂದ ನಿಯಮಗಳಂತೆ, ಕಾಯಿದೆಯ ಅನುಸೂಚಿಯಲ್ಲಿರುವ ಅಂಥ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು.

ಹೊಟ್ಟಿನ ಮಾತು ಬಂದದ್ದರಿಂದ ಭಾರತದಲ್ಲಿ ಕಾನೂನುಬದ್ಧವಾಗಿ ಸಾಕುವವರಿಗಾಗಿ ಬರೆಯುತ್ತೇನೆ. ಕೋಳಿಫಾರಂಗಳಲ್ಲಿ ಭತ್ತದ ಹೊಟ್ಟು ಹಾಕುತ್ತಾರೆಂದು ಹಾವಿಗೂ ಹಾಕಬೇಡಿ. ಅದು ಸಿಲಿಕಾ ತುಂಬಿದ, ಮೊನಚು ತುದಿಯ ಪದಾರ್ಥ, ಧೂಳೂ ಹೆಚ್ಚು. ಸಾಮಿಲ್ ಹೊಟ್ಟಿನಲ್ಲಿ ತೇಗ, ನೀಲಗಿರಿ, ದೇವದಾರು, ಯಾವ ಮರ ಎಷ್ಟಿದೆಯೆಂದು ಸಾಮಿಲ್‌ನವರಿಗೇ ಗೊತ್ತಿರುವುದಿಲ್ಲ, ಪ್ಲೈವುಡ್ಡಿನ ಅಂಟು ಮತ್ತು ಗೆದ್ದಲಿಗೆ ಹೊಡೆದ ಔಷಧವೂ ಅದರಲ್ಲಿರಬಹುದು. ನಮ್ಮಲ್ಲಿ ಆಸ್ಪೆನ್ ದುಬಾರಿ, ಕೊಕೊಪೀಟ್ ಎಲ್ಲ ನರ್ಸರಿಯಲ್ಲೂ ಸಿಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಅದಕ್ಕೆ ನೀರು ಹಾಕುವ ಅಗತ್ಯವೇ ಬೀಳುವುದಿಲ್ಲ, ಗಾಳಿಯಾಡದಿದ್ದರೆ ಬೂಷ್ಟು ಬರುತ್ತದೆ. ಬೆಂಗಳೂರಿನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೇಗ ಒಣಗುತ್ತದೆ. ವೈದ್ಯೆ ಮೇಡಂ ಬರೆದದ್ದನ್ನು ಓದಿದ ಮೇಲೆ, ನನ್ನ ಹಾವಿನ ಗೂಡಿನ ಅರ್ಧಭಾಗಕ್ಕಾದರೂ ಕೊಕೊಪೀಟ್ ಹಾಕಿ ನೋಡಬೇಕೆಂದು ನಿರ್ಧರಿಸಿದ್ದೇನೆ.

ಆಸ್ಟಿನ್ ಉರಗಪ್ರೇಮಿ:

ಹೀಟ್ ಮ್ಯಾಟ್ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಈ ಚರ್ಚೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ, ಏಕೆಂದರೆ ಹಾಸು ಬದಲಾಯಿಸಿದಾಗ ಶಾಖದ ಲೆಕ್ಕವೂ ಬದಲಾಗುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ತಳದ ಮ್ಯಾಟ್ ಮೇಲೆ ಕಾಗದ ಹಾಸಿದ್ದರೆ ಶಾಖ ನೇರವಾಗಿ ಹಾವಿಗೆ ಸಿಗುತ್ತದೆ. ಅದೇ ಮ್ಯಾಟ್ ಮೇಲೆ 8 ಸೆಂಟಿಮೀಟರ್ ಕೊಕೊಪೀಟ್ ಹಾಕಿದರೆ ಹಾಸು ಕಂಬಳಿಯ ಕೆಲಸ ಮಾಡುತ್ತದೆ: ಮೇಲ್ಭಾಗ ತಣ್ಣಗಿರುತ್ತದೆ, ಗಾಜಿನ ಹತ್ತಿರ ಶಾಖ ಸೇರಿಕೊಳ್ಳುತ್ತಾ ಹೋಗುತ್ತದೆ. ಮೇಲಿನ ಥರ್ಮಾಮೀಟರ್ ಕಡಿಮೆ ತೋರಿಸಿತೆಂದು ನೀವು ಶಾಖ ಏರಿಸುತ್ತೀರಿ. ಬೆಚ್ಚನೆ ಹುಡುಕುತ್ತಾ ಹಾವು ತಳದವರೆಗೆ ಕೊರೆದು ಕಾದ ಗಾಜಿನ ಮೇಲೆ ಸುತ್ತಿ ಮಲಗುತ್ತದೆ. ಹಾವುಗಳು ಹೊಟ್ಟೆಯ ಕೆಳಗಿನ ಸುಡುವ ಶಾಖದಿಂದ ಸಮಯಕ್ಕೆ ಸರಿಯಾಗಿ ಸರಿದುಕೊಳ್ಳುವುದಿಲ್ಲ, ಹೊಟ್ಟೆ ಸುಟ್ಟುಕೊಂಡ ಹಾವುಗಳು ವೈದ್ಯರ ಬಳಿಗೆ ಬರುವುದು ಹೆಚ್ಚಾಗಿ ಹೀಗೆಯೇ.

ಆದ್ದರಿಂದ ದಪ್ಪ ಹಾಸು ಹಾಕುವುದಾದರೆ ಶಾಖ ಮೇಲಿನಿಂದ ಬರಲಿ. ಸೆರಾಮಿಕ್ ಹೀಟರ್ ಅಥವಾ ಹ್ಯಾಲೊಜೆನ್ ದೀಪವನ್ನು ಜಾಲರಿಯ ಹೊರಗೆ ಇಟ್ಟು, ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಮೂಲಕವೇ ಸಂಪರ್ಕ ಕೊಡಿ. ಬಿಸಿಲು ಕಾಯುವ ಜಾಗದಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪಿನ ಕೊನೆಯಲ್ಲಿ 24ರಿಂದ 27 ಇರಲಿ. ಮೇಲಿನ ಶಾಖ ಹಾಸನ್ನು ಬೇಗ ಒಣಗಿಸುತ್ತದೆ ಎಂಬುದು ನಿಜ, ಅದಕ್ಕಾಗಿ ಜಾಲರಿಯ ಮುಕ್ಕಾಲು ಭಾಗವನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ, ದೀಪದ ಸುತ್ತ ಮಾತ್ರ ಬಿಡಿ. ನೀರನ್ನು ಮೇಲಿನಿಂದ ಚಿಮುಕಿಸುವ ಬದಲು ಮೂಲೆಗಳಲ್ಲಿ ನಿಧಾನವಾಗಿ ಸುರಿಯಿರಿ. ಕೆಳಪದರ ತೇವವಾಗಿ, ಮೇಲಿನ ಎರಡು ಬೆರಳಿನಷ್ಟು ಒಣಗಿ ಇರಬೇಕು, ಆಗ ಗಾಳಿಗೆ ತೇವವೂ ಸಿಗುತ್ತದೆ, ಹೊಟ್ಟೆಯೂ ಒಣಗಿರುತ್ತದೆ.

ಊಟದ ಸಮಯದಲ್ಲಿ ಕರಗಿಸಿದ ಇಲಿಯನ್ನು ಕಾಗದದಿಂದ ಒರೆಸಿ ಒಣಗಿಸಿ, ಉದ್ದ ಚಿಮಟದಲ್ಲಿ ಹಿಡಿದು ಕೊಡಿ. ಒದ್ದೆ ಇಲಿಗೆ ನಾರು ಅಂಟಿಕೊಳ್ಳುತ್ತದೆ. ಒಂದೆರಡು ಎಳೆ ಹೊಟ್ಟೆಗೆ ಹೋದರೆ, ಸರಿಯಾದ ಶಾಖ ಮತ್ತು ನೀರು ಸಿಗುತ್ತಿರುವ ಹಾವು ಅದನ್ನು ವಿಸರ್ಜಿಸಿಬಿಡುತ್ತದೆ. ತಣ್ಣಗಿನ ಗೂಡಿನಲ್ಲಿ, ನೀರಿನ ಕೊರತೆಯಿರುವ ಹಾವಿಗೆ ಅದೇ ತೊಂದರೆಯಾಗಬಹುದು. ಮಲವನ್ನೂ ಮೂತ್ರದ ರೂಪದಲ್ಲಿ ಬರುವ ಬಿಳಿಯ ಯೂರೇಟ್ ಗಟ್ಟಿಯನ್ನೂ ಕಂಡ ದಿನವೇ ಸುತ್ತಲಿನ ಹಾಸಿನ ಜೊತೆ ತೆಗೆದುಹಾಕಿ. ಪೂರ್ತಿ ಹಾಸನ್ನು ಒಂದೆರಡು ತಿಂಗಳಿಗೊಮ್ಮೆ ಬದಲಾಯಿಸಿ, ಹುಳಿವಾಸನೆ ಬಂದರೆ ಅದಕ್ಕೂ ಮೊದಲೇ.

ಕೊಲಂಬಸ್ ಕನ್ನಡತಿ:

ಸರ್, ನೀವು ಹೇಳಿದಂತೆ ತಳದ ಮ್ಯಾಟ್ ಸಂಪರ್ಕ ತೆಗೆದಿದ್ದೇವೆ. ಸೆರಾಮಿಕ್ ಹೀಟರ್ ಮತ್ತು ಥರ್ಮೋಸ್ಟಾಟ್ ತಂದಾಯಿತು, ಕೊಕೊಪೀಟನ್ನು ಸಿಪ್ಪೆಯ ಚೂರಿನೊಂದಿಗೆ ಬೆರೆಸಿ ಹದಮಾಡಿದ್ದೇವೆ. ಮಗಳು ತೇವಾಂಶ ಅಳೆಯುವ ಹೈಗ್ರೋಮೀಟರನ್ನು ಮುಚ್ಚಳದ ಹತ್ತಿರ ಗಾಜಿಗೆ ಅಂಟಿಸಿದ್ದಾಳೆ, ಶೇಕಡಾ 52 ತೋರಿಸುತ್ತಿದೆ. ಬಾಲದ ಉಂಗುರ ಇವತ್ತು ಬೆಳಿಗ್ಗೆ ತಾನಾಗಿಯೇ ಬಿಟ್ಟಿದೆ. ಕಣ್ಣಿನ ಮಸುಕು ಮಾತ್ರ ಹಾಗೆಯೇ ಇದೆ. ಹಾವನ್ನು ಹೊಸ ಹಾಸಿಗೆ ಈಗಲೇ ಬಿಡಬಹುದೇ?

ಆಸ್ಟಿನ್ ಉರಗಪ್ರೇಮಿ:

ಇವತ್ತು ಬೇಡ, ನಾಳೆಯವರೆಗೆ ಕಾಯಿರಿ. ಹೊಸ ಹಾಸು, ಹೊಸ ಹೀಟರ್ ಎರಡೂ ಒಟ್ಟಿಗೆ ಬಂದಿರುವುದರಿಂದ ಒಂದು ಹಗಲು, ಒಂದು ರಾತ್ರಿ ಖಾಲಿ ಗೂಡನ್ನೇ ನಡೆಸಿ ಅಂಕಿಗಳು ನಿಲ್ಲುತ್ತವೆಯೇ ನೋಡಿ. ಹೈಗ್ರೋಮೀಟರನ್ನು ಕೆಳಗಿಳಿಸಿ, ಹಾಸಿನಿಂದ ಮೂರು ನಾಲ್ಕು ಬೆರಳು ಮೇಲೆ, ತಂಪಿನ ಕೊನೆಯಲ್ಲಿ ಇಡಿ. ಹಾವು ಇರುವ ಎತ್ತರದ ತೇವಾಂಶ ನಿಮಗೆ ಬೇಕಾದದ್ದು, ಮುಚ್ಚಳದ ಹತ್ತಿರದ್ದಲ್ಲ. ಅಲ್ಲಿ 52 ಇದ್ದರೆ ಕೆಳಗೆ ಹೆಚ್ಚಿರುವ ಸಾಧ್ಯತೆ ಇದೆ, ಆದ್ದರಿಂದ ನೋಡದೆ ಇನ್ನಷ್ಟು ನೀರು ಸುರಿಯಬೇಡಿ. ಥರ್ಮೋಸ್ಟಾಟ್‌ನ ಶಾಖ ಅಳೆಯುವ ಪ್ರೋಬನ್ನು ಹಾವು ಸರಿಸಲಾಗದಂತೆ, ಹೀಟರಿನ ಕೆಳಗೆ, ಹಾವಿನ ಬೆನ್ನಿನ ಎತ್ತರಕ್ಕೆ ಗಟ್ಟಿಯಾಗಿ ಕಟ್ಟಿ. ಹಾಸಿನೊಳಗೆ ಹೂತುಹೋದರೆ ಅದು ತಣ್ಣಗಿದೆಯೆಂದು ತಿಳಿದು ಹೀಟರ್ ಆರದೆ ಉರಿಯುತ್ತದೆ.

ಲೀಡ್ಸ್ ಪಶುವೈದ್ಯೆ:

ಬಾಲ ಬಿಟ್ಟಿದ್ದು ಕೇಳಿ ಸಂತೋಷವಾಯಿತು. ಕಣ್ಣನ್ನು ಮುಟ್ಟದೆ ಮುಂದಿನ ಪೊರೆಯವರೆಗೆ ಪಾಚಿಯ ಡಬ್ಬಿಯನ್ನು ಗೂಡಿನಲ್ಲೇ ಇಟ್ಟಿರಿ, ತೇವಾಂಶ ಸರಿಯಾಗಿದ್ದರೆ ಹಳೆಯ ಪದರ ಹೊಸದರ ಜೊತೆಗೆ ಸಾಮಾನ್ಯವಾಗಿ ಹೋಗುತ್ತದೆ. ಅಷ್ಟರೊಳಗೆ ಕಣ್ಣು ಊದಿದರೆ, ಒಳಗೆ ಕೀವಿನಂತೆ ಹಳದಿ ಕಂಡರೆ, ಅಥವಾ ಮುಂದಿನ ಪೊರೆಯ ನಂತರವೂ ಮಸುಕು ಉಳಿದರೆ, ಸರೀಸೃಪಗಳನ್ನು ನೋಡುವ ಅನುಭವವಿರುವ ವೈದ್ಯರಿಗೆ ತೋರಿಸಿ. ಕಳಚಿದ ಪೊರೆಯನ್ನೂ ಬಿಸಾಡದೆ ಜೊತೆಗೆ ಒಯ್ಯಿರಿ, ತಲೆಯ ಭಾಗದಲ್ಲಿ ಎರಡೂ ಕಣ್ಣಿನ ಹುರುಪೆ ಬಂದಿದೆಯೇ ಎಂಬುದನ್ನು ಅದರಲ್ಲೇ ನೋಡಬಹುದು.